ಚೈನ್ ಜಾರಿರಲಿಲ್ಲ

ಸಾಂಖಳಿ, ಗೋವಾ
11 ಡಿಸೆಂಬರ್ 2011, ರವಿವಾರ

ಪ್ರೀತಿಯ ತಮ್ಮ ಮಾಂತೇಶನಿಗೆ ಅಣ್ಣ ಭೀಮಶಿ ಮಾಡುವ ಆಶೀರ್ವಾದಗಳು.

ನಾನು, ನಿನ್ನ ವೈನಿ ವಿದ್ಯಾ, ಮಗಳು ಮೀನಾ ಮೂವರೂ ಇಲ್ಲಿ ಕೈಕಾಲು ಗಟ್ಟಿ ಇಟ್ಟುಕೊಂಡು ಇದ್ದೇವೆ. ನೀನೂ ಗೀತಾಂಜಲಿಯೂ ಹಾಗೆಯೇ ಇದ್ದೀರಿ ಎಂದುಕೊಂಡು ಬರೆಯುತ್ತಿದ್ದೇನೆ. ನಾವು ಕಡೆಯ ಸಲ ಭೇಟಿಯಾಗಿ ಎರಡು ವರ್ಷ ಕಳೆದ ಮೇಲೆ ಕಾಗದ ಬರೆದು ತಡವಾಯಿತು ಎಂದರೆ ನಿನಗೆ ನಗು ಬಂದೀತು. ಮೂರು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಎತ್ತದಿದ್ದುದೇ ಒಳ್ಳೆಯದಾಯಿತು. ಎತ್ತಿದ್ದರೆ ನಾನು ಮೀನಾಳ ಪರೀಕ್ಷೆ, ಈ ವರ್ಷದ ಮಳೆ ಅಂತ ಮಾತಾಡಿ ಇಟ್ಟುಬಿಡುತ್ತಿದ್ದೆ. ಹೇಳಬೇಕಾದದ್ದನ್ನು ಹೇಳುತ್ತಿರಲಿಲ್ಲ.

ನಿನ್ನ ವಿಳಾಸ ಕೊಟ್ಟವನು ತಿಕೋಟದ ಗಂಗಪ್ಪ. ಹೋದ ವಾರ ಲಾರಿ ತೆಗೆದುಕೊಂಡು ಈ ಕಡೆ ಬಂದಿದ್ದ. ಬಸ್ ಸ್ಟ್ಯಾಂಡ್ ಹತ್ತಿರ ನಾನು ಕೆಲಸ ಮಾಡುವ ಸೈಕಲ್ ಅಂಗಡಿಯ ಮುಂದೆ ಚಹಾ ಕುಡಿಯುತ್ತ ಹೇಳಿದ: "ನಿಮ್ಮ ತಮ್ಮ ಶಾಲಿ ಹುಡುಗ್ಯಾರ್ನ ಕಟಗೊಂಡು ಮುಂಜಾನೆದ್ದು ರೋಡಿಗೆ ಇಳೀತಾನ ನೋಡ್ರಿ. ಅವ್ರು ಸೈಕಲ್ ಹೊಡೀತಾರ, ಇವ ಹಿಂದ ಸೀಟಿ ಊದ್ಕೋಂತ ಮೋಟರ್‌ಸೈಕಲ್ ಮ್ಯಾಲೆ ಬರ್ತಾನ. ಭಾಳ ಚಲೋ ಕಲಿಸ್ತಾನಂತ." ಅದನ್ನು ಕೇಳಿ ನಾನು ಒಳಗೆ ಹೋಗಿ ಸುಮ್ಮನೆ ಒಂದು ಟ್ಯೂಬಿಗೆ ಗಾಳಿ ತುಂಬುತ್ತ ಕೂತೆ.

ನಾವು ಕೊರ್ಲಿಮಿನ ಕಂಪನಿ ಖೋಲಿ ಬಿಟ್ಟು ಆರು ವಾರವಾಯಿತು. ಇಲ್ಲಿ ಒಂದು ಚಾಳಿನಲ್ಲಿ ಇದ್ದೇವೆ. ವಿದ್ಯಾ ಗೇರುಬೀಜದ ಕಾರ್ಖಾನೆಗೆ ಹೋಗುತ್ತಾಳೆ. ಸಿಪ್ಪೆಯ ಎಣ್ಣೆಗೆ ಅವಳ ಬೆರಳು ಕಪ್ಪಾಗಿವೆ. ಊಟಕ್ಕೆ ಕೂತಾಗ ಕೈ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ಮೀನಾ ಎಂಟನೇ ಇಯತ್ತೆ. ವಾರವಿಡೀ ಅದಿರಿನ ಟ್ರಕ್ಕುಗಳು ಒಂದರ ಬೆನ್ನಿಗೆ ಒಂದು ಹೋಗುತ್ತವೆ. ಅಂಗಡಿಗೆ ಬರುವ ಸೈಕಲ್ಲುಗಳ ಚೈನಿನಲ್ಲಿ ಎಣ್ಣೆಗಿಂತ ಕೆಂಪು ಮಣ್ಣೇ ಜಾಸ್ತಿ. ಇವತ್ತು ರವಿವಾರ, ರಸ್ತೆ ಸುಮ್ಮನಿದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಮೊದಲು ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ. ಬೇಸರ ಮಾಡಿಕೊಳ್ಳಬೇಡ. ನಿನಗೆ ಅದು ಗೊತ್ತಿದೆ, ಆದರೆ ನನ್ನ ಬಾಯಿಂದ ನೀನು ಅದನ್ನು ಒಮ್ಮೆಯೂ ಕೇಳಿಲ್ಲ.

2007ರ ಜನವರಿ, ಮೂರನೇ ರವಿವಾರ ರೇಸ್ ಇತ್ತು. ಇದೇ ಸಾಂಖಳಿಯಿಂದ ಹೊರಟು, ಡಿಚೋಲಿ, ಮಾಪ್ಸಾ, ಪಣಜಿ ಹಾಯ್ದು ರಾಯಬಂದರದ ನೀರಿನ ನಡುವಿನ ನೆಟ್ಟಗಿನ ರಸ್ತೆಯಲ್ಲಿ ಮುಗಿಯುವ ರೇಸ್. ಗೆದ್ದವನನ್ನು ರಾಷ್ಟ್ರೀಯ ಶಿಬಿರಕ್ಕೆ ಕರೆಯುತ್ತಾರೆ ಎಂದು ಆಗಲೇ ಮಾತಾಗಿತ್ತು. ಫಾತೋರ್ಡಾದ ಬೇಕರಿಯಿಂದ ಮನೆಮನೆಗೆ ಪಾವ್ ಹಾಕುತ್ತ ಸೈಕಲ್ ತುಳಿದವನು ನೀನು. ನಾನು ಮೇಸ್ತ್ರಿಯಾಗಿದ್ದ ಕಂಪನಿಯ ಸೈಕಲ್ ಟೀಮಿಗೆ ಬಂದು ಐದು ವರ್ಷದಲ್ಲಿ ನಿನ್ನ ಹಿಂದೆ ಚಕ್ರ ಹಚ್ಚಿಕೊಂಡು ಬರುವವರೂ ಗೋವಾದಲ್ಲಿ ಉಳಿದಿರಲಿಲ್ಲ. ಆ ರೇಸ್ ನಿನ್ನದೇ ಎಂದು ನನಗೆ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು.

ಹಿಂದಿನ ದಿನ ಮಧ್ಯಾಹ್ನ ನಾನು ವರ್ಕ್‌ಶಾಪಿನಲ್ಲಿ ನಿನ್ನ ಹಿಂದಿನ ಚಕ್ರದ ತಂತಿ ಬಿಗಿಯುತ್ತಿದ್ದೆ. ನೀನು ಎದುರಿಗೆ ಸ್ಟೂಲಿನ ಮೇಲೆ ಕೂತು ಬಾಳೆಹಣ್ಣು ತಿನ್ನುತ್ತಿದ್ದೆ. ಟೀಮಿನ ಮ್ಯಾನೇಜರ್ ವೇರೇಂಕರ್ ಸಾಹೇಬರು ಬಂದು ಬಾಗಿಲು ಮುಂದೆ ಮಾಡಿದರು. ಅವರು ಹಿಂದಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ, ಒಂದು ಮಾತೂ ಮರೆತಿಲ್ಲ. "ನಾಳೆ ರೋಹಿದಾಸ ಮೊದಲು ಬರಬೇಕು. ಸರಕಾರಿ ನೌಕರಿಯ ಕ್ರೀಡಾ ಕೋಟಾಕ್ಕೆ ಅವನಿಗೆ ಮೊದಲ ನಂಬರಿನ ಸರ್ಟಿಫಿಕೇಟ್ ಬೇಕು. ಅವನ ಅಪ್ಪನ ಸಹಿ ಇಲ್ಲದೆ ನಮ್ಮ ಕಂಪನಿಯ ಹೊಸ ಶೆಡ್ ಏಳುವುದಿಲ್ಲ. ಬೇರೆ ಟೀಮುಗಳ ಹತ್ತಿರ ಮಾತಾಗಿದೆ, ತೀರ್ಪುಗಾರರ ಹತ್ತಿರವೂ ಆಗಿದೆ. ಉಳಿದವನು ನೀನೊಬ್ಬ."

ನೀನು ಬಾಳೆಹಣ್ಣಿನ ಸಿಪ್ಪೆ ಕೆಳಗಿಟ್ಟು, "ಅವನಿಗೆ ನನಗಿಂತ ಜೋರಾಗಿ ಹೊಡೆಯಲು ಹೇಳಿ ಸಾಹೇಬ್, ನಾನು ಅಡ್ಡ ಬರುವುದಿಲ್ಲ" ಎಂದೆ. ಅವರು ನಗಲಿಲ್ಲ. "ಈ ವರ್ಷ ಅವನು, ಬರುವ ವರ್ಷ ನೀನು. ಇಲ್ಲವಾದರೆ ಸೋಮವಾರ ನೀವಿಬ್ಬರೂ ಗೇಟಿನ ಹೊರಗೆ" ಎಂದರು. ಆಗ ನೀನು ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದೆ: "ಅಣ್ಣಾ, ನೀ ಏನಂತಿ?"

ನಾನು ಚಕ್ರದಿಂದ ತಲೆ ಎತ್ತದೆ, "ಒಂದ್ ವರ್ಷದ ಮಾತೈತಿ, ಬಿಡಪಾ" ಎಂದೆ.

ಮರುದಿನ ನಾನು ರಾಯಬಂದರದಲ್ಲಿ ಗೆರೆಯ ಹತ್ತಿರವೇ ಕಂಪನಿಯ ಜೀಪಿನ ಮುಂದೆ ನಿಂತಿದ್ದೆ. ಪಕ್ಕದಲ್ಲಿ ಅವ್ವ. ಫಾತೋರ್ಡಾದಲ್ಲಿ ಸ್ಲ್ಯಾಬಿನ ಕೆಲಸಕ್ಕೆ ರಜೆ ಹೇಳಿ, ನೀನು ಗೆಲ್ಲುವುದನ್ನು ನೋಡಲು ಬಸ್ಸಿನಲ್ಲಿ ಬಂದಿದ್ದಳು. ದೂರದಲ್ಲಿ ಎರಡೇ ಸೈಕಲ್ ಕಂಡವು. ನೀನು ಮುಂದೆ, ರೋಹಿದಾಸ ಎರಡು ಸೈಕಲ್ಲಿನಷ್ಟು ಹಿಂದೆ. ಅವನ ತಲೆ ಎಡಕ್ಕೂ ಬಲಕ್ಕೂ ಬೀಳುತ್ತಿತ್ತು, ಅವನಲ್ಲಿ ಏನೂ ಉಳಿದಿರಲಿಲ್ಲ. ಗೆರೆ ನೂರು ಗಜ ಇದೆ ಎನ್ನುವಾಗ ನೀನು ನೆಟ್ಟಗೆ ಕೂತೆ. ಎರಡೂ ಕೈ ಹ್ಯಾಂಡಲ್ ಬಿಟ್ಟು ತೊಡೆಯ ಮೇಲೆ ಇಟ್ಟುಕೊಂಡೆ, ಬಸ್ಸಿನಲ್ಲಿ ಕೂತವರು ಇಟ್ಟುಕೊಳ್ಳುವ ಹಾಗೆ. ಕಾಲು ನಿಂತವು. ಸೈಕಲ್ ತಾನಾಗಿ ಉರುಳುತ್ತ ಬಂತು. ರೋಹಿದಾಸ ನಿನ್ನನ್ನು ದಾಟಿ ಗೆರೆ ಮುಟ್ಟಿದ. ಕೈ ಎತ್ತಲಿಲ್ಲ. ಎರಡೂ ಬದಿಯ ಜನ ಸಿಳ್ಳೆ ಹಾಕಿದರು.

ಸೋಲು ಎಂದು ಹೇಳಿದ್ದರು, ನೀನು ಸೋತೆ. ಆದರೆ ಎಲ್ಲರಿಗೂ ಕಾಣುವ ಹಾಗೆ ಸೋತೆ. ಪತ್ರಿಕೆಯವನು ಬಂದು ಯಾಕೆ ನಿಂತೆ ಎಂದು ಕೇಳಿದಾಗ, "ನಿಲ್ಲಲು ಹೇಳಿದರು, ನಿಂತೆ" ಎಂದುಬಿಟ್ಟೆ. ಯಾರು ಹೇಳಿದರು ಎಂದಾಗ ಹೆಸರನ್ನೂ ಹೇಳಿದೆ.

ಇಷ್ಟು ಬರೆಯುವಾಗ ಮನೆಯಲ್ಲಿ ಊಟಕ್ಕೆ ಕರೆದರು, ಎದ್ದು ಹೋಗಿದ್ದೆ. ಮೀನಾ "ಯಾರಿಗೆ ಬರೆಯಾಕತ್ತೀ ಅಪ್ಪಾ" ಎಂದಳು. ಕಾಕಾಗೆ ಎಂದೆ. "ನಂದೂ ನಮಸ್ಕಾರ ಬರಿ" ಎಂದಿದ್ದಾಳೆ, ಬರೆದಿದ್ದೇನೆ.

ಇನ್ನು ನಿನಗೆ ಗೊತ್ತಿಲ್ಲದ್ದು.

ಪೇಪರಿನಲ್ಲಿ ಬಂದ ಮೇಲೆ ಸೈಕಲ್ ಸಂಘದವರು ವಿಚಾರಣೆ ಇಟ್ಟರಲ್ಲ, ಅದಕ್ಕೆ ಎರಡು ದಿನ ಮೊದಲು ವೇರೇಂಕರ್ ಸಾಹೇಬರು ನನ್ನನ್ನು ಒಳಗೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಹನ್ನೊಂದು ವರ್ಷದಲ್ಲಿ ಅವರ ಮುಂದೆ ನಾನು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. "ಮೇಸ್ತ್ರಿ, ಅವನ ಚೈನ್ ಜಾರಿತ್ತು. ಚೈನ್ ಜಾರಿದರೆ ಯಾರ ತಪ್ಪೂ ಅಲ್ಲ. ನನ್ನದೂ ಅಲ್ಲ, ಅವನದೂ ಅಲ್ಲ. ಹುಡುಗ ಸಿಟ್ಟಿನಲ್ಲಿ ಏನೋ ಅಂದ, ಮುಗಿಯಿತು" ಎಂದರು. ನನ್ನನ್ನು ಕಾಯಂ ಮಾಡುವ ಕಾಗದ ಟೇಬಲ್ ಮೇಲಿತ್ತು. ಅದರ ಬಗ್ಗೆ ಅವರು ಮಾತೇ ಆಡಲಿಲ್ಲ. ನನಗೆ ಓದಲು ಬರುವ ಹಾಗೆ ತಿರುಗಿಸಿ ಇಟ್ಟಿದ್ದರು, ಅಷ್ಟೇ.

ಯಾರ ತಪ್ಪೂ ಅಲ್ಲ ಎನ್ನುವ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಇದರಿಂದ ನೀನೂ ಉಳಿಯುತ್ತಿ, ನಾನೂ ಉಳಿಯುತ್ತೇನೆ ಎಂದುಕೊಂಡೆ. ಊಟದ ಬಿಡುವಿನಲ್ಲಿ ಎಲ್ಲರೂ ಕ್ಯಾಂಟೀನಿಗೆ ಹೋದಾಗ ನಿನ್ನ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿದೆ. ಹಿಂದಿನ ಚಕ್ರದ ಫ್ರೀವೀಲಿನ ಅತಿ ಸಣ್ಣ ಗೇರಿನ ಮೂರು ಹಲ್ಲುಗಳನ್ನು ಕಾನಸದಿಂದ ಉಜ್ಜಿ ಮೊಂಡು ಮಾಡಿದೆ. ಹೊಸ ಗೀರು ಕಾಣಬಾರದೆಂದು ಹಳೆಯ ಎಣ್ಣೆ, ಮಣ್ಣು ಬಳಿದೆ. ನಿನಗಾಗಿ ಹುಡುಕಿ ತರಿಸಿ ನಾನೇ ಕೂರಿಸಿದ ಫ್ರೀವೀಲ್ ಅದು. ಕೈ ನಡುಗಲಿಲ್ಲ ಮಾಂತೇಶ. ನಡುಗಿತು ಎಂದು ಬರೆದರೆ ಸುಳ್ಳಾಗುತ್ತದೆ. ಕೆಲಸ ಅಚ್ಚುಕಟ್ಟಾಗಿ ಆಗಬೇಕು ಎನ್ನುವುದೊಂದೇ ತಲೆಯಲ್ಲಿತ್ತು.

ವಿಚಾರಣೆಯ ಕೋಣೆಯಲ್ಲಿ ಆ ಫ್ರೀವೀಲನ್ನು ಟೇಬಲ್ ಮೇಲೆ ಬಿಳಿ ಕಾಗದ ಹಾಸಿ ಇಟ್ಟಿದ್ದರು. ನೀನು ಅದನ್ನು ನೋಡಿದೆ, ಆಮೇಲೆ ನನ್ನನ್ನು ನೋಡಿದೆ. ಅಷ್ಟು ಜನರ ಮುಂದೆ ಕನ್ನಡದಲ್ಲಿ ಕೇಳಿದೆ: "ಅಣ್ಣಾ, ನೀ ಕಟ್ಟಿದ ಗಾಡಿ ಜಾರತೈತೇನು?"

ನಾನು ಅವರ ಕಡೆ ಮುಖ ಮಾಡಿ ಹಿಂದಿಯಲ್ಲಿ, "ಜಾರಿತ್ತು ಸಾಹೇಬ್" ಎಂದೆ.

ಆಗ ನನಗೆ ತಿಳಿಯಿತು. ಚೈನ್ ಜಾರಿದ್ದು ಯಾರ ತಪ್ಪೂ ಅಲ್ಲ, ಆದರೆ ಚೈನ್ ಜಾರಿದ್ದು ನಿಜವಾದರೆ ನೀನು ಹೇಳಿದ್ದೆಲ್ಲ ಸುಳ್ಳು. ಅದನ್ನೇ ಅವರು ಬರೆದರು. ಸೋಲನ್ನು ಮುಚ್ಚಿಕೊಳ್ಳಲು ಟೀಮಿನ ಮೇಲೆ ಸುಳ್ಳು ಆರೋಪ ಹೊರಿಸಿದ್ದಾನೆ, ಎರಡು ವರ್ಷ ಯಾವ ರೇಸಿಗೂ ಸೇರಿಸಬಾರದು ಎಂದು. ಇಪ್ಪತ್ತೈದನೇ ವಯಸ್ಸಿನಲ್ಲಿ ಸೈಕಲ್ ಹೊಡೆಯುವವನಿಗೆ ಎರಡು ವರ್ಷ ಎಂದರೆ ಏನು ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಆ ದಿನ ಸಂಜೆ ಖೋಲಿಯಲ್ಲಿ ಅವ್ವ ರೊಟ್ಟಿ ಬಡಿಯುತ್ತ ಕೇಳಿದಳು: "ಭೀಮಶಿ, ನೀ ಹೇಳು. ಇವ ಹೇಳೂದು ಖರೇ ಏನು?" ನೀನು ಬಾಗಿಲಲ್ಲೇ ಇದ್ದೆ. ನಾನು, "ಚೈನ್ ಜಾರೇತವ್ವಾ. ಸೋತದ್ದು ತಡಕೊಳ್ಳಾಕ ಆಗವಲ್ದು ಅವಗ" ಎಂದೆ. ಅವ್ವ ನಿನಗೆ, "ತಪ್ಪಾತು ಅಂತ ಸಾಹೇಬರ ಕಾಲ ಹಿಡದು ಬಾರಪಾ. ದೊಡ್ಡವರ ಮ್ಯಾಲೆ ಸುಳ್ಳ ಹೇಳಬಾರದು" ಎಂದಳು. ನೀನು ಬೆಳಿಗ್ಗೆ ವಿಜಾಪುರದ ಬಸ್ಸು ಹತ್ತಿದೆ. ಒಂದು ಮಾತು ಬೈದು ಹೋಗಿದ್ದರೆ ನಾನು ಅದಕ್ಕೆ ಜೋತುಬಿದ್ದು ನಿನ್ನ ಮೇಲೆ ಸಿಟ್ಟಾದರೂ ಮಾಡಿಕೊಂಡಿರುತ್ತಿದ್ದೆ.

ಕಾಯಂ ಆದೆ. ಕೊರ್ಲಿಮಿನ ಖೋಲಿ ಉಳಿಯಿತು. ನಾಲ್ಕು ವರ್ಷ ಬೇರೆ ಹುಡುಗರ ಸೈಕಲ್ ಕಟ್ಟಿದೆ. ಭಯದಲ್ಲಿ ಒಂದು ಸಲ ಆದ ತಪ್ಪು, ಇನ್ನು ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಈ ಸಪ್ಟೆಂಬರಿನಲ್ಲಿ ಮತ್ತೆ ಅದೇ ಆಯಿತು. ಟೀಮಿನಲ್ಲಿ ಸೋಮನಾಥ ಎಂದು ಒಬ್ಬ ಇದ್ದಾನೆ, ಫಾತೋರ್ಡಾದ ನಮ್ಮ ಜನರವನೇ. ಅವನಿಗೂ ನಿಲ್ಲಲು ಹೇಳಿದರಂತೆ. ಅವನು ನಿಲ್ಲಲಿಲ್ಲ, ಗೆದ್ದುಬಿಟ್ಟ. ಮರುದಿನ ವೇರೇಂಕರ್ ಸಾಹೇಬರು ವರ್ಕ್‌ಶಾಪಿಗೆ ಬಂದರು. ಸೈಕಲ್ಲಿನ ತೂಕ ನಿಯಮಕ್ಕಿಂತ ಕಡಿಮೆ ಇತ್ತು ಎಂದು ತೋರಿಸಿದರೆ ಅವನ ಗೆಲುವು ಹೋಗುತ್ತದೆ, ಒಂದೆರಡು ಭಾಗ ಬದಲಾಯಿಸಿಡು ಎಂದರು. ನಾನು ಕೈಯಲ್ಲಿದ್ದ ಚೈನ್ ಒರೆಸುತ್ತಲೇ ಇದ್ದೆ. "ಯೋಚನೆ ಯಾಕೆ ಮೇಸ್ತ್ರಿ? ಹೋದ ಸಲ ಮಾಡಿದೆಯಲ್ಲ, ಹಾಗೇ" ಎಂದು ಬೆನ್ನು ತಟ್ಟಿ ಹೋದರು.

ಅವರ ಮಾತಿನಲ್ಲಿ ಬೆದರಿಕೆ ಇರಲಿಲ್ಲ. ಪಂಚರ್ ಹಾಕು ಎನ್ನುವ ಹಾಗೆ ಹೇಳಿದರು. ಅವರ ಪಾಲಿಗೆ ಅದು ನನ್ನ ಕೆಲಸಗಳಲ್ಲಿ ಒಂದಾಗಿತ್ತು.

ಮನೆಗೆ ಬಂದು ವಿದ್ಯಾಳಿಗೆ ಎಲ್ಲ ಹೇಳಿದೆ, ನಿನ್ನ ಫ್ರೀವೀಲಿನದೂ ಸೇರಿಸಿ. ಅವಳು ಅಕ್ಕಿ ಆರಿಸಿ ಮುಗಿಸಿದಳು. ಆಮೇಲೆ, "ಹೋಗಿ ಹೇಳಿ ಬರ್ರಿ. ಖೋಲಿ ಹೋದ್ರ ಹೋಗ್ಲಿ. ನಾಕ ವರ್ಷ ಆತು, ನೀವು ನನ್ನ ಮಾರಿ ನೋಡಿ ಮಾತಾಡಿಲ್ಲ. ನಂಗ ಬ್ಯಾರೆ ಏನೋ ಅನಸಿತ್ತು" ಎಂದಳು.

ಸೋಮನಾಥನ ಜೊತೆ ಪಣಜಿಗೆ, ಸೈಕಲ್ ಸಂಘದ ವಿಚಾರಣೆಗೆ ಹೋದೆ. ಮೂವರು ಹೊಸ ಜನ ಕೂತಿದ್ದರು. ಅವನ ಸೈಕಲ್ಲಿನ ವಿಷಯ ಹೇಳಿದೆ. ಅದು ಮುಗಿದ ಮೇಲೆ, ಇನ್ನೂ ಒಂದು ಇದೆ ಎಂದು 2007ರದನ್ನೂ ಹೇಳಿದೆ. ಕಾನಸ ಹಿಡಿದದ್ದು, ಎಣ್ಣೆ ಬಳಿದದ್ದು, ಎಲ್ಲ. ನಡುವೆ ಕೂತಿದ್ದವರು ಕನ್ನಡಕ ತೆಗೆದು ಕೇಳಿದರು: "ಆಗ ಜಾರಿತ್ತು ಎಂದು ಸಹಿ ಮಾಡಿದ್ದೀರಿ. ಈಗ ಜಾರಿರಲಿಲ್ಲ ಎನ್ನುತ್ತೀರಿ. ಯಾವ ಭೀಮಶಿಯನ್ನು ನಾವು ನಂಬಬೇಕು?" ಫ್ರೀವೀಲ್ ಎಲ್ಲಿದೆ ಎಂದರು. ಅದು ಯಾವಾಗಲೋ ಗುಜರಿಗೆ ಹೋಗಿದೆ.

ರೋಹಿದಾಸನನ್ನೂ ಕರೆಸಿದ್ದರು. ಈಗ ಸರಕಾರಿ ಆಫೀಸಿನಲ್ಲಿ ಇದ್ದಾನೆ, ಹೊಟ್ಟೆ ಬಂದಿದೆ. ನೆನಪಿಲ್ಲ ಎಂದ. ಹೊರಗೆ ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿ, ಮಾಂತೇಶ ಹೇಗಿದ್ದಾನೆ ಎಂದು ಕೇಳಿದ. "ಆ ದಿನದ ಮೇಲೆ ನಾನು ಸೈಕಲ್ ಹತ್ತಿಲ್ಲ ಮೇಸ್ತ್ರಿ" ಎಂದ. ಅಷ್ಟು ಹೇಳಿ ಬೇಗ ಬೇಗ ಇಳಿದು ಹೋದ.

ಸೋಮನಾಥನ ಗೆಲುವು ಉಳಿಯಿತು. ಅದೊಂದು ಆಯಿತು. ವೇರೇಂಕರ್ ಸಾಹೇಬರನ್ನು ಟೀಮಿನಿಂದ ತೆಗೆದು ಮಾರಾಟ ವಿಭಾಗಕ್ಕೆ ಹಾಕಿದ್ದಾರೆ, ಕುರ್ಚಿ ಮೊದಲಿಗಿಂತ ದೊಡ್ಡದಂತೆ. ನನ್ನನ್ನು ಸುಳ್ಳು ಸಾಕ್ಷಿ ಹೇಳಿದ ನೌಕರ ಎಂದು ತೆಗೆದರು. ಅದರಲ್ಲಿ ತಪ್ಪು ಹುಡುಕಲು ನನಗೆ ಬರಲಿಲ್ಲ, ನಾನು ಹೇಳಿದ್ದು ಸುಳ್ಳು ಸಾಕ್ಷಿಯೇ ತಾನೆ.

ನಿನ್ನ ವಿಷಯಕ್ಕೆ ಒಂದು ಕಾಗದ ಕೊಟ್ಟಿದ್ದಾರೆ. ನಕಲು ಇದರೊಳಗೆ ಇಟ್ಟಿದ್ದೇನೆ. ಹಳೆಯ ಕಡತ ಮುಗಿದಿದೆ, ನಿಷೇಧದ ಅವಧಿ 2009ರಲ್ಲೇ ತೀರಿದೆ, ಆದ್ದರಿಂದ ಮುಂದಿನ ಕ್ರಮದ ಅಗತ್ಯ ಕಂಡುಬರುವುದಿಲ್ಲ ಎಂದು ಅದರ ಅರ್ಥ. ನಿನ್ನ ಹೆಸರನ್ನು ಮಾಂತೋಷ ಎಂದು ಬರೆದಿದ್ದಾರೆ. ತಿದ್ದಿ ಕೊಡಿ ಎಂದು ಎರಡು ಸಲ ಹೋಗಿದ್ದೆ. ಅಲ್ಲಿಯ ಗುಮಾಸ್ತ, "ಈಗ ಅವರಿಗೆ ವಯಸ್ಸೆಷ್ಟು?" ಎಂದ. ಮೂವತ್ತು ಎಂದೆ. "ಮತ್ತೆ ಯಾಕೆ?" ಎಂದ.

ಇದನ್ನು ಓದಿ ನೀನು ನನ್ನನ್ನು ಕ್ಷಮಿಸಬೇಕು ಎಂದು ನಾನು ಕೇಳುವುದಿಲ್ಲ. ನೀನು ಸೀಟಿ ಊದಿ ಕಲಿಸುವ ಆ ಹುಡುಗಿಯರ ಕಿವಿಗೆ ಎಂದಾದರೂ ಈ ವಿಷಯ ಬಿದ್ದರೆ, ನಿಮ್ಮ ಸರ್ ಸುಳ್ಳು ಹೇಳಿದ್ದರಂತೆ ಎಂದು ಯಾರಾದರೂ ಅವರ ಮುಂದೆ ಆಡಿದರೆ, ಈ ಕಾಗದವನ್ನು ತೋರಿಸು. ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಮಾಡಿದ್ದೇನೆ.

ಗೀತಾಂಜಲಿಗೆ ನಮ್ಮೆಲ್ಲರ ಆಶೀರ್ವಾದ ಹೇಳು. ನಿನ್ನ ಮನೆ ತುಂಬಲಿ, ನಿನ್ನ ಹುಡುಗಿಯರು ಯಾರಿಗೂ ಹೆದರದೆ ಗೆರೆ ದಾಟಲಿ. ತಂಪು ಹೊತ್ತಿನಲ್ಲಿ ಹೊರಗೆ ಹೋಗುವಾಗ ಎದೆಗೆ ಬಟ್ಟೆ ಕಟ್ಟಿಕೋ, ನಿನಗೆ ಕೆಮ್ಮು ಬೇಗ ಹತ್ತುತ್ತದೆ.

ನಿನ್ನ ಅಣ್ಣ,
ಭೀಮಶಿ ನಾನಪ್ಪ ತಳವಾರ

ತಾ.ಕ.: ಕಾಗದ ಮಡಚಿ ಅಂಟು ಹಚ್ಚಿದ್ದೆ. ಮತ್ತೆ ಬಿಚ್ಚಿದ್ದೇನೆ. ಇಷ್ಟು ಹಾಳೆ ಬರೆದದ್ದು ಇದೊಂದನ್ನು ಬರೆಯದೆ ಇರಲಿಕ್ಕೆ ಎಂದು ಈಗ ಅನಿಸುತ್ತಿದೆ.

ಅವ್ವ ಹೋದಳಲ್ಲ, ಎರಡು ವರ್ಷದ ಹಿಂದೆ ಶ್ರಾವಣದಲ್ಲಿ, ಬಾಂಬೋಳಿಯ ದವಾಖಾನೆಯಲ್ಲಿ. ಎಂಟು ದಿನ ಇದ್ದಳು. ಎಂಟು ದಿನವೂ ಎಚ್ಚರ ಇತ್ತು, ಮಾತು ಇತ್ತು. ಮೊದಲ ದಿನವೇ, "ಮಾಂತೇಶಗ ಫೋನ್ ಮಾಡು" ಎಂದಳು. ಮಾಡೇನಿ, ಬರಾಕತ್ತಾನ ಎಂದೆ. ದಿನಾ ಬಾಗಿಲು ನೋಡುತ್ತಿದ್ದಳು. ಐದನೇ ದಿನ ತಡೆಯಲಾಗದೆ, "ಅವ ಬರೂದಿಲ್ಲ ಅಂದಾನವ್ವಾ" ಎಂದುಬಿಟ್ಟೆ. ನೀನು ಬಂದರೆ ಅವಳು ನನ್ನ ಎದುರಿಗೇ ನಿನ್ನನ್ನು ಕೇಳುತ್ತಾಳೆ, ನೀನು ಹೇಳುತ್ತಿ, ಸಾಯುವ ಮೊದಲು ಅವಳು ನನ್ನ ಮುಖ ನೋಡುತ್ತಾಳೆ. ಅದಕ್ಕೆ ಹೆದರಿದೆ.

ಅವ್ವ ಗೋಡೆಯ ಕಡೆ ತಿರುಗಿ ಹೇಳಿದಳು: "ಸಿಟ್ಟ ಇರಬೇಕು ಅವಗ. ನಾನs ಸಾಹೇಬರ ಕಾಲ ಹಿಡಿ ಅಂದ್ನೆಲ್ಲ. ಹಡದಾಕಿನ ಅವನ ಮಾತ ನಂಬಲಿಲ್ಲ ಅಂತ ಸಿಟ್ಟ ಇರಬೇಕು." ಆಮೇಲೆ ನಿನ್ನ ಹೆಸರು ಎತ್ತಲಿಲ್ಲ.

ಊರವರಿಂದ ಸುದ್ದಿ ತಿಳಿದು ನೀನು ಬರುವ ಹೊತ್ತಿಗೆ ಮಣ್ಣು ಮಾಡಿ ಮುಗಿದಿತ್ತು. ನಿನ್ನ ಹೆಗಲ ಮೇಲೆ ಕೈ ಇಟ್ಟು, ಎಂಟು ದಿನ ಪ್ರಯತ್ನ ಮಾಡಿದೆ, ಮಳೆಗೆ ಲೈನ್ ಸಿಗಲಿಲ್ಲ ಎಂದೆ. ನೀನು ನಂಬಿ ನನ್ನನ್ನೇ ಸಮಾಧಾನ ಮಾಡಿದೆ.

ನಾನು ನಂಬರ್ ಒತ್ತಿಯೇ ಇರಲಿಲ್ಲ, ಮಾಂತೇಶ.